ಸಾಹೇಬರ ‘ಬಘೂಯಾ’, ನನ್ನ ‘ಹೂಂ’

ಮೊದಲೇ ಹೇಳಿಬಿಡುತ್ತೇನೆ, ದಡ್ಡತನ ನನ್ನದೇ. ಅದನ್ನು ನೆನೆದರೆ ಇಂದಿಗೂ ಸೊಂಟ ಹಿಡಿಯುತ್ತದೆ. ಆದರೂ ಆಡಿದ ಮಾತನ್ನು ಹಿಂದಕ್ಕೆ ಪಡೆಯಬೇಕು ಅನ್ನಿಸಿಲ್ಲ.

2014ರಲ್ಲಿ ನಾನು ನಾಸಿಕದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಕಲಿಸಿದ್ದಕ್ಕಿಂತ ಅಣಕಿಸಿದ್ದೇ ಹೆಚ್ಚು. ಜವಾನನ ಕೆಮ್ಮು, ಕ್ಯಾಶಿಯರರ ನಡಿಗೆ, ಮರಾಠಿ ಬೆರೆಸದೆ ಬಾಯಿಗೆ ಬಾರದ ನನ್ನದೇ ಕನ್ನಡ, ಯಾವುದನ್ನೂ ಬಿಟ್ಟವನಲ್ಲ. ಎಲ್ಲರೂ ಕೇಳಿ ಮಾಡಿಸುತ್ತಿದ್ದದ್ದು ಮಾತ್ರ ಪ್ರಿನ್ಸಿಪಾಲರ ಅಣಕು. ಯಾರು ಏನು ಕೇಳಿದರೂ ಅವರು ಕನ್ನಡಕ ತೆಗೆದು, ಶರ್ಟಿನ ತುದಿಯಿಂದ ಒರೆಸಿ, "ಬಘೂಯಾ, ಬಘೂಯಾ" ಎನ್ನುತ್ತಿದ್ದರು. ನೋಡೋಣ, ನೋಡೋಣ ಎಂದರ್ಥ. ಅವರು ನೋಡಿದ್ದನ್ನು ಯಾರೂ ನೋಡಿರಲಿಲ್ಲ.

ಕಲಬುರಗಿಯ ಶಿವಲೀಲಾ ಅಕ್ಕನೂ ನನ್ನ ವಿಷಯವನ್ನೇ ಕಲಿಸುತ್ತಿದ್ದರು, ಆದರೆ ನಾಸಿಕದಿಂದ ಬಸ್ಸು ಹಿಡಿದು ಹೋಗಬೇಕಾದ ಸಿನ್ನರ್‌ನಲ್ಲಿ, ನಮ್ಮ ಕಾಲೇಜಿನದೇ ಕೇಂದ್ರದಲ್ಲಿ. ಮನೆ ನಾಸಿಕದಲ್ಲಿ. ಸಿನ್ನರಿನ ಕಾರ್ಖಾನೆಗಳ ಪಾಳಿಗೆ ಹೊಂದುವಂತೆ ಒಂದು ಬ್ಯಾಚು ನಸುಕಿಗೆ, ಇನ್ನೊಂದು ದೀಪ ಹಚ್ಚಿದ ಮೇಲೆ. ನಡುವಿನ ಹೊತ್ತು ಅಲ್ಲೇ ಬೆಂಚಿನ ಮೇಲೆ. ನಾಸಿಕಕ್ಕೆ ಹಾಕಿಕೊಡಿ ಎಂದು ಕೇಳಿ ಕೇಳಿ ಸೋತಿದ್ದರು. ಒಮ್ಮೆ ನನ್ನನ್ನೇ ಕೇಳಿದರು: "ತಮ್ಮಾ, ನಿಂಗ ಹೆಂಡ್ತಿಲ್ಲ, ಮಕ್ಕಳಿಲ್ಲ. ಅದಲಾಬದಲಿ ಮಾಡ್ಕೋತೀ ಏನು?" ನಾನು ಇಲ್ಲದ ಕನ್ನಡಕ ತೆಗೆದು "ಬಘೂಯಾ" ಎಂದೆ. ಪಾಪ, ಅವರೂ ನಕ್ಕರು.

ಆ ಬೇಸಿಗೆಯಲ್ಲಿ ನಮ್ಮೆಲ್ಲರನ್ನೂ ನಾಯಕತ್ವ ತರಬೇತಿಗೆಂದು ಆಗಿನ ಔರಂಗಾಬಾದಿಗೆ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರಕ್ಕೆ ಕಳಿಸಿದರು. ಬಸ್ಸಿನಲ್ಲಿ ಬೆಂದು ಇಳಿದದ್ದೇ ತಡ, ಕಾಗದದ ಗೋಪುರ ಕಟ್ಟಿ ಎಂದರು. ಹಿಂದಿನ ವರ್ಷವೂ ಇದೇ ಗೋಪುರ ಕಟ್ಟಿದ್ದೆವು. ಯಾರೂ ನಾಯಕರಾಗಿರಲಿಲ್ಲ. ಮರುದಿನ ಶ್ರೀಖಂಡ-ಪೂರಿಯ ಊಟವಾದ ಮೇಲೆ ಅರ್ಧ ಸಭೆ ತೂಕಡಿಸುತ್ತಿತ್ತು, ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರೂ. ನಮ್ಮನ್ನು ಎಬ್ಬಿಸಲು ತರಬೇತಿಯ ಮೇಡಂ ಒಂದು ಆಟ ಹೂಡಿದರು. ಒಬ್ಬರು ಮುಖ್ಯಸ್ಥ, ಒಬ್ಬರು ನೌಕರ. ನೌಕರ ತನ್ನ ನಿಜವಾದ ಕಷ್ಟವನ್ನೇ ಹೇಳಬೇಕು. ಮುಖ್ಯಸ್ಥನಾಗಲು ಎಲ್ಲರೂ ನನ್ನನ್ನೇ ಮುಂದೆ ನೂಕಿದರು. ಎದುರಿಗೆ ಮೇಡಂ ಕರೆದು ನಿಲ್ಲಿಸಿದ್ದು ಶಿವಲೀಲಾ ಅಕ್ಕನನ್ನು.

"ಸಾಹೇಬರೇ, ನಾನು ಮನೆ ಬಿಡುವಾಗ ಮಗಳು ನಿದ್ದೆಯಲ್ಲಿರುತ್ತಾಳೆ, ಬಂದಾಗಲೂ ನಿದ್ದೆಯಲ್ಲಿರುತ್ತಾಳೆ. ಆಕೆ ಎಚ್ಚರಿರುವುದನ್ನು ನೋಡುವುದು ರವಿವಾರ ಮಾತ್ರ," ಎಂದು ಅಕ್ಕ ತಡವರಿಸುತ್ತ ಮರಾಠಿಯಲ್ಲಿ ಹೇಳಿದರು.

ನಾನು ಶರ್ಟಿನ ತುದಿ ಹುಡುಕಿದೆ. "ಬಘೂಯಾ." ಸಭೆ ಎಚ್ಚರಾಯಿತು. ಪ್ರಿನ್ಸಿಪಾಲರೂ ಹೊಟ್ಟೆ ಹಿಡಿದು ನಕ್ಕರು. ನಗು ಸಿಕ್ಕರೆ ನಾನು ಬಿಡುವವನೇ? ಅಕ್ಕ ಮತ್ತೆ ಕೇಳಿದರು, ನಾನು ಮತ್ತೆ ಒರೆಸಿದೆ.

ಆಗ ಅಕ್ಕ ಮರಾಠಿ ಬಿಟ್ಟರು. ಅಲ್ಲಿ ನನಗೊಬ್ಬನಿಗೇ ತಿಳಿಯುವ ಕನ್ನಡದಲ್ಲಿ, ದಣಿದ ದನಿಯಲ್ಲಿ, "ಸುಳ್ಳರೇ ಯಾಕಾಗವಲ್ದು ತಮ್ಮಾ, ನೀನರೆ ಒಮ್ಮಿ ಹೂಂ ಅನ್ನು" ಎಂದರು.

ಸಾಹೇಬರ ದನಿ ನನ್ನ ಗಂಟಲಿನಿಂದ ಹೊರಟೇ ಹೋಯಿತು. "ಹೂಂ ಅಕ್ಕಾ" ಎಂದೆ. ನನ್ನ ಸ್ವಂತ ದನಿ ಅಷ್ಟು ಸಣ್ಣದೆಂದು ನನಗೇ ಗೊತ್ತಿರಲಿಲ್ಲ.

ನಗು ನಿಂತಿತು. "ಏನಂದಳು ಆಕೆ?" ಎಂದು ಪ್ರಿನ್ಸಿಪಾಲರು ಕೇಳಿದರು. ಸುಳ್ಳಾದರೂ ಸರಿ, ನೀನಾದರೂ ಒಮ್ಮೆ ಹೂಂ ಅನ್ನು ಎಂದರು ಅಂತ ಹೇಳಿದೆ. ಅವರು ಎದ್ದು ನಿಂತು, ರೂಢಿಯಂತೆ ಕನ್ನಡಕ ತೆಗೆದು "ಬಘೂ..." ಎಂದರು. ಎಲ್ಲರ ಕಣ್ಣೂ ತಮ್ಮ ಶರ್ಟಿನ ತುದಿಯ ಮೇಲಿರುವುದು ಕಂಡು, ಒರೆಸದೆಯೇ ಮತ್ತೆ ಹಾಕಿಕೊಂಡರು.

"ಸರಿ, ಆಕೆ ನಾಸಿಕಕ್ಕೆ ಬರಲಿ. ಸಿನ್ನರ್‌ಗೆ ಯಾರು ಹೋಗ್ತಾರೆ?" ಎಂದು ನನ್ನ ಕಡೆ ತಿರುಗಿದರು.

ಹಾಳು ನಾಲಿಗೆ! "ಬಘೂಯಾ ಸರ್" ಎಂದುಬಿಟ್ಟೆ.

"‘ಬಘೂಯಾ’ ನನ್ನ ಮಾತು, ಅದಕ್ಕೆ ಕೈ ಹಚ್ಚಬೇಡ. ನಿನ್ನ ಮಾತು ‘ಹೂಂ’. ಸೋಮವಾರ ನಸುಕಿನ ಸಿನ್ನರ್ ಬಸ್ಸು ಹಿಡಿ."