ತುಳಸಿಯ ಬುಡದ ಸಕ್ಕರೆ

ಕಳೆದ ತಿಂಗಳು ನಮ್ಮ ತಾಯಿ ಒಂದು ಡಿ.ಡಿ.ಟಿ. ಪುಡಿಯ ಡಬ್ಬಿಯನ್ನು ಬಾಗಿಲಿನಿಂದಲೇ ವಾಪಸು ಕಳಿಸಿದರು.

ತಂದವರು ಪಕ್ಕದ ಮನೆಯ ಗುರುಸಿದ್ದಪ್ಪ. ಸೊಲ್ಲಾಪುರದ ಪೇಟೆಯಲ್ಲಿ ಕಿರಾಣಿ ವ್ಯಾಪಾರಿ. ನಮ್ಮ ಗ್ಯಾಲರಿಯ ತುಳಸಿಗೆ ಬಿಳಿ ಹುಳ ಹತ್ತಿತ್ತು. ನೋಡಿದರೆ ಹತ್ತಿಯ ಚೂರು ಅಂಟಿದ ಹಾಗೆ. ಕಡ್ಡಿಯಿಂದ ಕೆದರಿದರೆ ಒಳಗೆ ಮೆತ್ತನೆಯ ಹುಳ. (ಹಿಟ್ಟು ತಿಗಣೆ ಎನ್ನುತ್ತಾರೆ.) ರಸ ಹೀರಿ ಗಿಡ ಒಣಗಿಸುತ್ತದೆ. ಅಕ್ಕಲಕೋಟೆಯ ತವರಿನಿಂದ ತಾಯಿ ತಂದ ಗಿಡ ಅದು. ದಿನಾ ಬೆಳಿಗ್ಗೆ ಅದರ ಎರಡು ಎಲೆ ಬಾಯಿಗೆ ಹಾಕಿಕೊಂಡ ಮೇಲೆಯೇ ಅವರಿಗೆ ಚಹಾ.

“ಅವ್ವಾರ, ಒಂದ ಚಿಮಟಿ ಉದುರಿಸ್ರಿ. ಹುಳ ಖಲಾಸ್!” ಎಂದರು ಗುರುಸಿದ್ದಪ್ಪ.

“ಅದೇ ಎಲಿ ನಾ ತಿಂತೀನಲ್ಲೋ. ಮೊದಲ ನಿನ್ನ ಚಹಾದಾಗ ಒಂದ ಚಿಮಟಿ ಹಾಕ್ಲ್ಯಾ? ಕುಡದು ತೋರ್ಸು.”

ಡಬ್ಬಿ ಹೋಯಿತು. ಹಲವು ಬಿಡಾರಗಳಿರುವ ನಮ್ಮ ವಾಡೆಯ ಜನ ನಕ್ಕರು. ಸರಕಾರವೇ ಸೊಳ್ಳೆಗೆಂದು ಮನೆಮನೆಗೆ ಹೊಡೆಸುತ್ತಿರುವಾಗ ಮುದುಕಿಗೆ ಇದೆಂಥ ಹಟ ಎಂದರು. ಗೋಡೆಗೆ ಹೊಡೆಯುವುದು ಬೇರೆ, ಬಾಯಿಗೆ ಹೋಗುವ ಎಲೆಗೆ ಹೊಡೆಯುವುದು ಬೇರೆ. ಇಷ್ಟೂ ತಿಳಿಯಬಾರದೆ?

ನಾವು ಅಂಟುವಾಳದ ಕಾಯಿ ನೆನೆಹಾಕಿ, ಕಿವುಚಿ, ನೊರೆನೀರು ಮಾಡಿದೆವು. ಹುಳ ಮುತ್ತಿದ ಟೊಂಗೆ ಕತ್ತರಿಸಿ ಸುಟ್ಟೆವು. ಉಳಿದ ಟೊಂಗೆಗಳನ್ನು, ಎಲೆಯ ಅಡಿಯನ್ನು, ಗಿಣ್ಣಿನ ಸಂದುಗಳನ್ನು ಹಳೆಯ ಧೋತರದ ಚಿಂದಿಯಿಂದ ಒರೆಸಿದೆವು. ಆಮೇಲೆ ತಿಳಿನೀರು.

ಎಂಟು ದಿನಕ್ಕೆ ಹುಳ ಮತ್ತೆ ಹಾಜರ್.

ನಾನು ಕುಂಡದ ಮುಂದೆ ಕುಳಿತು ನೋಡಿದೆ. (ನಮ್ಮಂಥ ಪತ್ರಿಕೆಯವರಿಗೆ ಕಾಯುವುದು ರೂಢಿ.) ಕಂಡದ್ದು ಇರುವೆಯ ಸಾಲು. ಹುಳ ಬಿಡುವ ಸಿಹಿ ಅಂಟಿನ ಆಸೆಗೆ ಇರುವೆಗಳೇ ಅದನ್ನು ಕಾಯುತ್ತವೆ, ಟೊಂಗೆಯಿಂದ ಟೊಂಗೆಗೆ ಹೊತ್ತೊಯ್ಯುತ್ತವೆ. ಇರುವೆಗಳನ್ನು ಕರೆದವರು ಯಾರು? ಪೂಜೆಯಾದ ಮೇಲೆ ತಾಯಿ ದಿನಾ ಬುಡಕ್ಕೆ ಇಡುತ್ತಿದ್ದ ಸಕ್ಕರೆಯ ನೈವೇದ್ಯ!

ತಾಯಿಗೆ ಹೇಳಿದೆ. ಅವರು ಅಂದಿನ ಸಕ್ಕರೆಯನ್ನು ಬುಡದಿಂದ ಬಳಿದು ತೆಗೆದರು.

“ಹಂಗಾರ ನಾಳಿಂದ ಸಕ್ಕರಿ ತುಳಸಿಗಿ ತೋರ್ಸಿ ನಾನೇ ತಿಂತೀನಿ.”

ಬುಡದ ಸಕ್ಕರೆ ನಿಂತಿತು. ನೀರು ತುಂಬಿದ ಪರಾತದಲ್ಲಿ ಇಟ್ಟಿಗೆಯಿಟ್ಟು, ಅದರ ಮೇಲೆ ಕುಂಡವನ್ನು ಕೂಡಿಸಿದೆವು. ಇರುವೆಗೆ ದಾರಿ ಬಂದ್. ವಾರಕ್ಕೆರಡು ಸಲ ನೊರೆನೀರಿನ ಒರೆಸಾಟ ನಡೆಯಿತು. ಈಗ ಗಿಡ ಚಿಗುರಿದೆ.

ಆದರೆ ವಾಡೆಯ ಹೆಂಗಸರು ಬಿಡಬೇಕಲ್ಲ? “ಆಯೀ, ತುಳಸಿಗಿ ಉಪಾಸ ಕೆಡವೀರಿ. ಪಾಪ ಹತ್ತಂಗಿಲ್ಲೇನ್ರಿ?”

“ಆಕಿ ಬದುಕ್ಯಾಳಲ್ಲ, ಸಾಕು. ಪಾಪ ನನಗ ಇರ್ಲಿ.”

ವಿಷ ಉದುರಿಸಿ ಎಂದಾಗ ಯಾರ ಬಾಯಲ್ಲೂ ಬಾರದ ಪಾಪ, ಸಕ್ಕರೆ ನಿಂತಾಗ ಎಲ್ಲಿಂದ ಬಂತು?