ಹನ್ನೆರಡು ವರ್ಷ ಮಲಗಿದ್ದ ಸೀಸೆ

ನನ್ನ ಕೈಗೆ ಒಂದು ಕೆಟ್ಟ ಚಾಳಿ ಇದೆ. ಏನು ಸಿಕ್ಕರೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವುದು. ತಪ್ಪು ನನ್ನದಲ್ಲ, ಅರಸೀಕೆರೆಯದು. ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಡಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆ ಸದ್ದು ಕೇಳಿಯೇ ಕಾಯಿ ಆಯಿತೋ ಇಲ್ಲವೋ ಹೇಳುವವಳು ನಾನು. ಅಪ್ಪ ಹೋದ ಮೇಲೆ ಅಂಗಡಿ ನನ್ನದೇ. ನನ್ನ ಕಿವಿಯ ಮೇಲೆ ನನಗೆ ಜಂಬವೂ ಇತ್ತು.

ಅಕ್ಕನನ್ನು ಕೊಟ್ಟಿದ್ದು ಹುಲಿಕೆರೆ ಹತ್ತಿರದ ದ್ರಾಕ್ಷಿ ತೋಟದವರಿಗೆ. ಅವರು ವೈನ್ ಮಾಡಲು ಶುರುಮಾಡಿದಾಗ ವಿಭೂತಿ ಹಚ್ಚುವ ನಮ್ಮ ಮನೆಯಲ್ಲಿ ದೊಡ್ಡ ರಾದ್ಧಾಂತವೇ ಆಯಿತು. ಮಠದಲ್ಲಿ ಯಾರಾದರೂ ಕೇಳಿದರೆ ಅಮ್ಮ 'ಹಣ್ಣಿನ ವ್ಯವಹಾರ' ಎಂದು ಹೇಳಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ನಾನಂತೂ ಒಂದು ತೊಟ್ಟೂ ಮುಟ್ಟಿದವಳಲ್ಲ.

ಕಳೆದ ವರ್ಷ ಬಾವ ಶಿರಾಜ್ ಬಳ್ಳಿಗಳನ್ನೆಲ್ಲ ಕಿತ್ತು ಶುಂಠಿ ಹಾಕುತ್ತೇನೆಂದು ಹಟ ಹಿಡಿದರು. ಶಿರಾಜ್ ಎಂದರೆ ಅವರು ಬೆಳೆಯುವ ಕಪ್ಪು ದ್ರಾಕ್ಷಿ, ಅದರ ವೈನಿಗೂ ಅದೇ ಹೆಸರು. ವರ್ಷ ತಿರುಗುವುದರೊಳಗೆ ಕುಡಿದು ಮುಗಿಸುವ ವೈನಿಗೆ ಇಷ್ಟು ಚಾಕರಿ ಯಾಕೆ ಎಂಬುದು ಅವರ ವಾದ. ಇಟ್ಟಷ್ಟೂ ಚೆನ್ನಾಗುವ ವೈನ್ ನಮ್ಮ ಮಣ್ಣಲ್ಲೂ ಬರುತ್ತದೆ ಎಂಬುದು ಅಕ್ಕನ ವಾದ. ಇದಕ್ಕೆ ಸಾಕ್ಷಿ ಒಂದೇ. ಮೊದಲ ಬೆಳೆಯ ಒಂದೇ ಒಂದು ಸೀಸೆ ಹನ್ನೆರಡು ವರ್ಷದಿಂದ ಅವರ ನೆಲಮಾಳಿಗೆಯಲ್ಲಿ ಅಡ್ಡ ಮಲಗಿತ್ತು, ಮಿಕ್ಕಿದ್ದೆಲ್ಲ ಆಗಲೇ ಮಾರಿಹೋಗಿತ್ತು. ಅದು ಚೆನ್ನಾಗಿದ್ದರೆ ಬಳ್ಳಿ ಉಳಿಯುತ್ತದೆ, ಕೆಟ್ಟಿದ್ದರೆ ಮಾರನೆಯ ದಿನವೇ ಜೆಸಿಬಿ. ಇದಕ್ಕೆ ಇಬ್ಬರೂ ಒಪ್ಪಿದ್ದರು.

ಸೀಸೆ ತೆಗೆಯಲು ಗೊತ್ತುಮಾಡಿದ ಭಾನುವಾರ, ಅಕ್ಕ ಕರೆದಳೆಂದು, ಬಾಣಾವರ, ಜಾವಗಲ್ ದಾಟಿಕೊಂಡು ಹೋದೆ. ಮೇಜಿನ ಮೇಲೆ ಸೀಸೆ ನಿಂತಿತ್ತು. ಅಕ್ಕ ಲೋಟ ತರಲು ಒಳಗೆ ಹೋದಳು. ನಾನು ಸೀಸೆ ಎತ್ತಿಕೊಂಡೆ, ಕಿವಿಗೆ ಹಿಡಿದೆ, ಎರಡು ಸಲ ಜೋರಾಗಿ ಕುಲುಕಿದೆ.

"ಅಯ್ಯೋ ಮೂದೇವಿ, ಅದೇನು ತೆಂಗಿನಕಾಯೇನೇ!"

ಅಕ್ಕನ ಕೂಗಿಗೆ ಬಾವ ಓಡಿಬಂದರು. ಹಳೆಯ ವೈನಿನಲ್ಲಿ ಗಸಿ ಇರುತ್ತದಂತೆ. ಅದು ತಳಕ್ಕೆ ಇಳಿಯಲೆಂದೇ ಅಕ್ಕ ನಾಲ್ಕು ದಿನದಿಂದ ಸೀಸೆಯನ್ನು ನೆಟ್ಟಗೆ ನಿಲ್ಲಿಸಿ, ಆ ಕೋಣೆಯ ಬಾಗಿಲನ್ನೂ ಮೆಲ್ಲಗೆ ಹಾಕುತ್ತಿದ್ದಳು. ಈಗ ಎಲ್ಲ ಕದಡಿಹೋಗಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

"ಹಿಂಗೇ ಕುಡುದ್ರೆ ಬರೀ ಕಹಿ," ಎಂದಳು ಅಕ್ಕ ಬಾವನಿಗೆ. "ಮತ್ತೆ ಇಳೀಬೇಕು. ಗುರುವಾರದ ತಂಕ ತಡೀರಿ."

"ಜೆಸಿಬಿಯವನಿಗೆ ನಾಳೆ ಬಾ ಅಂದಿದೀನಿ ಕಣೇ. ಬೇಲೂರಿಂದ ಶುಂಠಿ ಬೀಜಾನೂ ಬಂದೈತೆ."

"ಹನ್ನೆರಡು ವರ್ಷ ಕಾದಿದ್ದಾಯ್ತು, ನಾಕು ದಿನ ಆಗಲ್ವಾ ನಿಮ್ಗೆ?"

ಬಾವ ನನ್ನತ್ತ ತಿರುಗಿ, "ಅಂಗಡಿ ಬುಟ್ಟು ಇಲ್ಲಿಗ್ಯಾಕಮ್ಮ ಬಂದೆ ನೀನು," ಎಂದರು. ಆಮೇಲೆ ಫೋನ್ ತೆಗೆದು, ಜೆಸಿಬಿಯವನಿಗೆ ಶುಕ್ರವಾರ ಬರಲು ಹೇಳಿದರು.

ನಾನು ಊರಿಗೆ ಹೋಗಲಿಲ್ಲ. ಅಂಗಡಿಗೆ ಬಾಗಿಲು ಹಾಕಿಸಿ ಆ ಸೀಸೆಯ ಕಾವಲಿಗೆ ಕೂತೆ. ಬೆಳಿಗ್ಗೆ ಮಾತ್ರ ಹುಲಿಕೆರೆ ಕಲ್ಯಾಣಿಗೆ ಹೋಗಿ, ಮೆಟ್ಟಿಲ ಮೇಲೆ ಕೂತು ನನ್ನನ್ನೇ ನಾನು ಚೆನ್ನಾಗಿ ಬೈದುಕೊಂಡು ಬರುತ್ತಿದ್ದೆ.

ಗುರುವಾರ ಮಧ್ಯಾಹ್ನ ಅಕ್ಕ ಬಿರಡೆ ತೆಗೆದಳು. ಅರ್ಧ ಪುಡಿಯಾಗಿ ಬಂತು. ಸೀಸೆಯ ಕತ್ತಿನ ಕೆಳಗೆ ಮೊಬೈಲ್ ಬೆಳಕು ಹಿಡಿದು, ಗಸಿ ಬರುವುದು ಕಂಡ ಕೂಡಲೇ 'ಸಾಕು' ಎನ್ನುವ ಕೆಲಸ ನನಗೆ. ಹೊಸ ಶಿರಾಜ್ ನೇರಳೆಹಣ್ಣಿನ ಬಣ್ಣ. ಇದು ಗಾಜಿನ ಹೂಜಿಗೆ ಇಳಿದಾಗ ಅಂಚಿನಲ್ಲಿ ಹೆಂಚಿನ ಕೆಂಪು. ತಿಳಿಯಾಗಿ, ಸದ್ದಿಲ್ಲದೆ, ಒಂದೇ ಧಾರೆಯಾಗಿ ಇಳಿಯಿತು. ಗಸಿಯ ಮೊದಲ ಎಳೆ ಕತ್ತಿಗೆ ಬಂದ ಕೂಡಲೇ 'ಸಾಕು' ಎಂದೆ.

ಶಿವಾ ಎಂದು ಒಂದು ಗುಟುಕು ಕುಡಿದೆ. ಮೊದಲು ಕಾಳುಮೆಣಸು, ಆಮೇಲೆ ಒಣದ್ರಾಕ್ಷಿ, ನುಂಗಿದ ಮೇಲೆ ಆಲೆಮನೆಯ ಹೊಗೆ. ಅಕ್ಕ ಮಕ್ಕರಿಯಲ್ಲಿ ಗೊಬ್ಬರ ಹೊತ್ತು ಹಾಕಿದ ಮಣ್ಣಿನಲ್ಲಿ ಇದೆಲ್ಲ ಇತ್ತೇ? ಇದಕ್ಕೆ ಯಾರೂ ಏನೂ ಬೆರೆಸಿಲ್ಲ, ಕತ್ತಲಲ್ಲಿ ಸುಮ್ಮನೆ ಬಿಟ್ಟಿದ್ದಾರೆ, ಅಷ್ಟೇ. ಅಟ್ಟದ ಕೆಲಸ ಬಲ್ಲ ನನಗೂ ಅದನ್ನು ನಂಬಲು ಆಗಲಿಲ್ಲ. ದೇವರ ಮನೆಯಲ್ಲಿ ನಿಂತವಳ ಹಾಗೆ ಎರಡೂ ಕೈಯಲ್ಲಿ ಲೋಟ ಹಿಡಿದು ನಿಂತುಬಿಟ್ಟೆ.

ಬಾವ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಮತ್ತೆ ಎತ್ತಿ ಇನ್ನೊಂದು ಗುಟುಕು ಕುಡಿದರು. ಅಕ್ಕ ಅವರ ಮುಖವನ್ನೇ ನೋಡುತ್ತಿದ್ದಳು.

"ಗೆದ್ದೆ ಕಣೇ ನೀನು," ಎಂದರು. ಲೋಟವನ್ನು ಬೆಳಕಿಗೆ ಹಿಡಿದು, "ಆದ್ರೆ ಈ ವರ್ಷ ಇಟ್ಟಿದ್ದು ಹಿಂಗಾಗೋ ಹೊತ್ಗೆ ನಂಗೆ ಎಪ್ಪತ್ತೆರಡು. ಇರ್ತೀನೋ ಇಲ್ವೋ," ಎಂದರು.

"ನೀವಿಲ್ದೇ ನಾನು ತೆಗೆಯಲ್ಲ," ಎಂದಳು ಅಕ್ಕ. "ಅದ್ಕೇ ಇರ್ಬೇಕು."

ಬಾವ ಫೋನ್ ಎತ್ತಿಕೊಂಡರು. ಜೆಸಿಬಿಯವನ ನಂಬರು ಒತ್ತಿದರು. "ನಾಳೆ ಬರಬ್ಯಾಡ ಕಣಪ್ಪ," ಎಂದರು. "ಇಲ್ಲ, ಯಾವತ್ತೂ ಬ್ಯಾಡ."