ಟಂಗ್‌ಸ್ಟನ್ ದೋಣಿಯ ತೂಕ

ನನ್ನ ಪಿಎಚ್‌ಡಿ ಪುಸ್ತಕ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬರೆದವಳು ನಾನೇ, ಇನ್ಯಾರನ್ನು ಬೈಯಲಿ?

ಕೆಂಗೇರಿ ಕಡೆಯ ಲ್ಯಾಬೊಂದರಲ್ಲಿ ನಾಲ್ಕು ವರ್ಷ ನಾನು ಮಾಡಿದ್ದು ಇಷ್ಟೇ: ಗಾಳಿಯನ್ನೆಲ್ಲ ಹೀರಿ ತೆಗೆದ ಗಾಜಿನ ಗುಮ್ಮಟದೊಳಗೆ ನಿಕಲ್-ಕಬ್ಬಿಣದ ಚೂರನ್ನು ಕಾಯಿಸಿ, ಅದರ ಆವಿಯನ್ನು ಗಾಜಿನ ತುಂಡಿನ ಮೇಲೆ ತೆಳ್ಳಗೆ ಕೂರಿಸುವುದು. ಅದೇ ನಮ್ಮ ಕಾಂತೀಯ ಫಿಲ್ಮ್. ಕಾಯಿಸುತ್ತಿದ್ದುದು ಟಂಗ್‌ಸ್ಟನ್ ತಗಡಿನ ಪುಟ್ಟ ಪಾತ್ರೆಯಲ್ಲಿ; ಆಕಾರ ನೋಡಿ ಅದನ್ನು ದೋಣಿ ಅನ್ನುತ್ತಿದ್ದೆವು. ಅದು ಮುರಿಯುವ ತನಕ ಹೊಸದು ಕೇಳುವ ಹಾಗಿರಲಿಲ್ಲ. "ಇನ್ನೂ ನಾಲ್ಕು ಸಲ ಬರುತ್ತೆ ಬಿಡಮ್ಮ" ಅನ್ನುತ್ತಿದ್ದರು ನಮ್ಮ ಗೈಡ್.

ನಮ್ಮ ಫಿಲ್ಮ್‌ಗಳದು ಒಂದು ವಿಚಿತ್ರ. ನಿಕಲ್-ಕಬ್ಬಿಣ ಬೇಗ ಬಿಟ್ಟುಬಿಡುವ ಕಾಂತಗುಣವನ್ನು ಇವು ಒಮ್ಮೆ ಹಿಡಿದರೆ ಸುಲಭಕ್ಕೆ ಬಿಡುತ್ತಿರಲಿಲ್ಲ. ಗೈಡ್ ಹಿಗ್ಗಿ ಹೀರೇಕಾಯಿಯಾದರು. ನನ್ನ ಪ್ರಬಂಧ ನಿಂತಿದ್ದೇ ಅದರ ಮೇಲೆ.

ದೋಣಿಯ ಹೊಟ್ಟೆ ಸವೆಯುತ್ತಿರುವುದು ಮಾತ್ರ ನನ್ನ ಕಣ್ಣಿಗೆ ಬಿದ್ದಿತ್ತು. ಅಂಟಿದ ನಿಕಲ್ಲನ್ನು ಪ್ರತಿ ಸಲವೂ ಆಸಿಡ್‌ನಲ್ಲಿ ತೊಳೆದು, ದೋಣಿಯನ್ನು ತೂಗಿ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಸಲದಿಂದ ಸಲಕ್ಕೆ ತೂಕ ಇಳಿಯಿತು. ಫಿಲ್ಮನ್ನು ಪರೀಕ್ಷೆಗೆ ಕಳಿಸಿದೆ. ಅದರಲ್ಲಿ ಟಂಗ್‌ಸ್ಟನ್ ಇತ್ತು. ಪಿಂಗಾಣಿಯಂಥ ಅಲ್ಯುಮಿನಾ ಬಟ್ಟಲಿನಲ್ಲಿ ಕಾಯಿಸಿ ಮಾಡಿದ ಫಿಲ್ಮಿನಲ್ಲಿ ಟಂಗ್‌ಸ್ಟನ್ನೂ ಇರಲಿಲ್ಲ, ಆ ವಿಚಿತ್ರವೂ ಇರಲಿಲ್ಲ. ನಾಲ್ಕು ವರ್ಷ ನಾವು ಕೊಂಡಾಡಿದ್ದು ಪಾತ್ರೆಯ ಕೊಳೆಯನ್ನು.

"ಸಾರ್, ದೋಣಿನೇ ಕರಗಿ ಫಿಲ್ಮ್‌ಗೆ ಸೇರ್ತಾ ಇದೆ" ಎಂದು ನೋಟ್‌ಬುಕ್ ಗೈಡ್ ಮುಂದಿಟ್ಟೆ.

ಅವರು ನೋಡಿದರು. ಅರ್ಥವಾಯಿತು, ಆಗದಿರಲು ಅವರೇನು ದಡ್ಡರಲ್ಲ. "ಸುಮ್ನಿರಮ್ಮ. ಮುಗಿಯೋ ಹೊತ್ತಲ್ಲಿ ಇದೆಲ್ಲ ಯಾಕೆ? ಡಿಗ್ರಿ ಬೇಕೋ ಬೇಡ್ವೋ?"

ಬೇಕಿತ್ತು. ಥೂ, ನನ್ನ ಜನ್ಮಕ್ಕಿಷ್ಟು! ತೂಕದ ಲೆಕ್ಕವನ್ನೆಲ್ಲ ಕೈಬಿಟ್ಟು, "ಶುದ್ಧ ನಿಕಲ್-ಕಬ್ಬಿಣದ ಫಿಲ್ಮ್‌ಗಳು" ಎಂದು ತಲೆಬರಹ ಕೊಟ್ಟು ಬೈಂಡ್ ಮಾಡಿಸಿದೆ.

ವಿಜಯನಗರದ ನಮ್ಮ ಮನೆಯಲ್ಲಿ ನವರಾತ್ರಿಯ ಸರಸ್ವತಿ ಪೂಜೆಗೆ ಪುಸ್ತಕ ಜೋಡಿಸುವಾಗ ಅಮ್ಮ ಅದನ್ನೇ ಎಲ್ಲಕ್ಕಿಂತ ಮೇಲಿಡುತ್ತಾಳೆ. ಪ್ರತಿ ವರ್ಷ ಹಲ್ಲು ಕಚ್ಚಿಕೊಂಡು ನಿಂತಿರುತ್ತಿದ್ದೆ. ಈ ವರ್ಷ ತಡೆಯಲಾಗಲಿಲ್ಲ. "ಅಮ್ಮ, ಅದ್ರಲ್ಲಿ ಸುಳ್ಳು ಬರ್ದಿದೀನಿ. ನಿಜ ಇರೋದು ಇದ್ರಲ್ಲಿ" ಎಂದು ಆಸಿಡ್ ಕಲೆಯ ಆ ನೋಟ್‌ಬುಕ್ಕನ್ನು ಅವಳ ಕೈಗೆ ಕೊಟ್ಟೆ.

"ಸುಮ್ನಿರೇ, ಪೂಜೆ ಹೊತ್ತಲ್ಲಿ ಏನೇನೋ ಮಾತಾಡ್ಬೇಡ" ಅಂದಳು. ನೋಟ್‌ಬುಕ್ಕನ್ನು ಹಳೇ ಪೇಪರಿನ ಕಟ್ಟಿನ ಮೇಲೆ ಹಾಕಿ ಬಂದಳು. ಪುಸ್ತಕಕ್ಕೆ ಕುಂಕುಮವಿಟ್ಟು ಕಣ್ಣಿಗೊತ್ತಿಕೊಂಡಳು.

ಮಂಗಳಾರತಿ ಬಂತು. ನಾನೂ ಕೈಮುಗಿದೆ.